ತಮಿಯಾ, ಕ್ಲೋರೋಫಾರ್ಮ್, ಫೆವಿಕ್ವಿಕ್, ಅರಾಲ್ಡೈಟ್: ತುಮಕೂರಿನ ಬಿಸಿಲಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮಾದರಿ ಮಾಡುವಾಗ ಪ್ಲಾಸ್ಟಿಕ್ ಅಂಟಿಸಬೇಕೇ? ಅಂಟಿನ ಟ್ಯೂಬ್ ಮೇಲೆ ‘ಎಲ್ಲ ಪ್ಲಾಸ್ಟಿಕ್‌ಗೂ’ ಅಂತ ಬರೆದಿದ್ದರೆ ನಂಬಬೇಡಿ. ಮೊದಲು ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್ ಅಂತ ತಿಳಿಯಬೇಕು. ಗಟ್ಟಿ ಚೂರೊಂದನ್ನು ನೀರಿಗೆ ಹಾಕಿ. ತೇಲಿದರೆ ಅದು ಹೆಚ್ಚುಕಡಿಮೆ ಪಾಲಿಥೀನ್ ಇಲ್ಲವೇ ಪಾಲಿಪ್ರೊಪಿಲೀನ್. ಇಲ್ಲಿ ಹೇಳಿರುವ ಯಾವ ಅಂಟೂ ಅದಕ್ಕೆ ನೆಟ್ಟಗೆ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ. ಮುಳುಗಿದರೆ ಮುಂದೆ ಓದಿ.

ಮಾದರಿ ಕಿಟ್‌ಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ತಮಿಯಾ ಎಕ್ಸ್‌ಟ್ರಾ ಥಿನ್ ಬಿಟ್ಟರೆ ಬೇರೆ ಯೋಚನೆ ಬೇಡ. ಹಸಿರು ಮುಚ್ಚಳದ 40 ಮಿ.ಲೀ. ಬಾಟಲಿ, ನಮ್ಮೂರಲ್ಲಿ ಸಿಗುವುದು ಕಷ್ಟ, ಆನ್‌ಲೈನ್‌ನಲ್ಲೋ ಬೆಂಗಳೂರಿಂದಲೋ ತರಿಸಬೇಕು. ಇದು ಅಂಟಿಸುವುದಿಲ್ಲ, ಎರಡೂ ಅಂಚು ಕರಗಿಸಿ ಒಂದು ಮಾಡುತ್ತದೆ. ಹಾಗಾಗಿ ತುಂಡುಗಳನ್ನು ಮೊದಲೇ ಜೋಡಿಸಿ ಹಿಡಿದು, ಬ್ರಷ್ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಓಡುತ್ತದೆ. ಬೆರಳು ಸಂದಿಯ ಮೇಲಿದ್ದರೆ ದ್ರವ ಬೆರಳಿನಡಿಗೂ ಹರಿದು ರೇಖೆ ಸಮೇತ ಅಚ್ಚೊತ್ತುತ್ತದೆ. ಬಣ್ಣ ಅಥವಾ ಕ್ರೋಮ್ ಇರುವ ಕಡೆ ಕೆರೆದು ತೆಗೆಯದಿದ್ದರೆ ಹಿಡಿಯುವುದಿಲ್ಲ. ಉಪ್ಪುಕಾಗದ ಹಾಕುವ ಮುಂಚೆ ಒಂದು ದಿನ ಬಿಡಿ, ಇಲ್ಲದಿದ್ದರೆ ಆಮೇಲೆ ಕೀಲು ಒಳಕ್ಕೆ ಕುಗ್ಗಿ ಗೆರೆ ಕಾಣುತ್ತದೆ.

ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ಗೆ ಅದರದೇ ಹೆರೆದ ಚೂರುಗಳನ್ನು ಅಸಿಟೋನ್‌ನಲ್ಲಿ ನೆನೆಸಿ, ದೋಸೆಹಿಟ್ಟಿನ ಹದಕ್ಕೆ ಬಂದ ಮೇಲೆ ಹಚ್ಚಿ, ಸಂದಿಯನ್ನೂ ತುಂಬುತ್ತದೆ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ನೀರು, ಎಣ್ಣೆ ಬೆರೆತಿರುತ್ತದೆ.

ಅಕ್ರಿಲಿಕ್ ಇದೆಯಲ್ಲ, ನಿಜವಾದ ಕಿರಿಕಿರಿ ಇದೇ. ಬೋರ್ಡ್ ಮಾಡುವವರು ಬಳಸುವುದು ಕ್ಲೋರೋಫಾರ್ಮ್ ಇಲ್ಲವೇ ಡೈಕ್ಲೋರೋಮೀಥೇನ್. ಡೈಕ್ಲೋರೋಮೀಥೇನ್ ಕುದಿಯುವುದೇ ಸುಮಾರು 40 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಕೂತರೆ ಸೂಜಿಯಿಂದ ಇಳಿದು ಸಂದಿಯ ತುದಿ ಮುಟ್ಟುವುದರೊಳಗೆ ಅರ್ಧ ಆವಿ, ಕೀಲಿನಲ್ಲಿ ಗುಳ್ಳೆ. ಬೇಸಿಗೆಯಲ್ಲಿ ಬೆಳಿಗ್ಗೆಯೇ ಅಂಟಿಸಿ, ಇಲ್ಲವೇ 61 ಡಿಗ್ರಿಗೆ ಕುದಿಯುವ ಕ್ಲೋರೋಫಾರ್ಮ್ ತಗೊಳ್ಳಿ. ಮಳೆಗಾಲದಲ್ಲಿ ಉಲ್ಟಾ: ಬೇಗ ಆರುವಾಗ ಅಂಚು ತಣ್ಣಗಾಗಿ ಗಾಳಿಯ ತೇವ ಕೂತು ಬಿಳಿ ಮಬ್ಬು ಬರುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಅಂಚಿಗೆ ಹಾಕಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಶಾಖದಿಂದ ಒಳಗೆ ಎಳೆತ ಉಳಿದಿರುತ್ತದೆ. ಅಂಟಿಸುವ ಮುಂಚೆ ಆ ತುಂಡನ್ನು 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ನಿಧಾನವಾಗಿ ತಣಿಯಲು ಬಿಟ್ಟರೆ ಈ ಕಾಟ ಬಹಳ ಕಡಿಮೆ. ಸಿರಿಂಜ್‌ಗೆ ಸ್ವಲ್ಪವೇ ಎಳೆದುಕೊಂಡು ಕೂಡಲೇ ಖಾಲಿ ಮಾಡಿ, ಒಳಗಿನ ರಬ್ಬರ್ ಉಬ್ಬಿ ಜಾಮ್ ಆಗುತ್ತದೆ. ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್ ಎರಡರ ಆವಿಯೂ ವಿಷ. ಕಿಟಕಿ ತೆಗೆದಿರಲಿ, ಬಟ್ಟೆ ಮಾಸ್ಕ್‌ನಿಂದ ಪ್ರಯೋಜನವಿಲ್ಲ. ಹತ್ತಿರ ಬೆಂಕಿ ಇದ್ದರೆ ಆ ಆವಿ ಫಾಸ್ಜೀನ್ ಎಂಬ ಮಾರಕ ಅನಿಲ ಆಗಬಹುದು.

ಫೆವಿಕ್ವಿಕ್‌ಗೆ ಸಿಗುವ ಹೊಗಳಿಕೆ ಸ್ವಲ್ಪ ಜಾಸ್ತಿಯೇ. ಸಣ್ಣ ಬಿಡಿಭಾಗಕ್ಕೆ, ಪಿಎಲ್‌ಎ ಪ್ಲಾಸ್ಟಿಕ್‌ನ ತ್ರೀಡಿ ಪ್ರಿಂಟ್‌ಗೆ ಚೆನ್ನ. ಆದರೆ ಕೀಲು ಪೆಡಸು, ಕೆಳಗೆ ಬಿದ್ದರೆ ಬಿಟ್ಟುಕೊಳ್ಳುತ್ತದೆ. ಪಾರದರ್ಶಕ ಭಾಗದ ಹತ್ತಿರ ಹಾಕಿದರೆ ಸುತ್ತ ಬಿಳಿ ಪುಡಿ ಕೂರುತ್ತದೆ, ಹಾಗಾಗಿ ಕಾಕ್‌ಪಿಟ್ ಗಾಜಿಗೆ ಬೇಡವೇ ಬೇಡ.

ಎರಡು ಬೇರೆ ಪ್ಲಾಸ್ಟಿಕ್, ಅಥವಾ ಪ್ಲಾಸ್ಟಿಕ್‌ಗೆ ಲೋಹದ ಕಡ್ಡಿ ಕೂಡಿಸಬೇಕಾದರೆ ಅರಾಲ್ಡೈಟ್ ಸ್ಟ್ಯಾಂಡರ್ಡ್. 120 ನಂಬರ್ ಉಪ್ಪುಕಾಗದದಲ್ಲಿ ಒರಟು ಮಾಡಿ, ರೆಸಿನ್, ಹಾರ್ಡ್‌ನರ್ ಎರಡೂ ಟ್ಯೂಬಿಂದ ಸಮ ಅಳತೆ ಹಿಂಡಿ, ಬಣ್ಣ ಒಂದಾಗುವವರೆಗೆ ಕಲಸಿ, ರಾತ್ರಿಯಿಡೀ ಬಿಡಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಕೊನೆಗೂ ಮೆದುವಾಗಿಯೇ ಉಳಿಯುತ್ತದೆ. ಕಾಲಾಂತರದಲ್ಲಿ ಹಳದಿಯಾಗುತ್ತದೆ, ಅದು ಗೊತ್ತಿರಲಿ.

ಸನ್‌ಬೋರ್ಡ್ ಎಂದರೆ ನೊರೆ ಪಿವಿಸಿ, ಹಾರ್ಡ್‌ವೇರ್ ಅಂಗಡಿಯ ಪೈಪ್ ಸಲ್ಯೂಷನ್ ಅದಕ್ಕೆ ಧಾರಾಳ ಸಾಕು. ಥರ್ಮೋಕೋಲ್‌ಗೆ ಫೆವಿಕಾಲ್ ಮಾತ್ರ. ಮೇಲೆ ಹೇಳಿದ ದ್ರವಗಳು ಅದನ್ನು ತಿಂದು ಗುಂಡಿ ಮಾಡುತ್ತವೆ. ದೊಡ್ಡ ಹಾಳೆಗೆ ಪೂರ್ತಿ ಬಳಿದರೆ ನಡುವಿನದು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ, ಗೆರೆಗೆರೆಯಾಗಿ ಎಳೆಯಿರಿ.

ಫೆವಿಕ್ವಿಕ್‌ನ ದೊಡ್ಡ ಪ್ಯಾಕ್‌ನಲ್ಲಿ ಉಳಿತಾಯ ಕಂಡರೂ ಚಿಕ್ಕ ಟ್ಯೂಬೇ ಕೊಳ್ಳಿ, ತೆರೆದದ್ದು ತೇವ ಹೀರಿ ಕಲ್ಲಾಗುತ್ತದೆ. ಉಳಿದದ್ದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಟ್ಟರೆ ಇನ್ನಷ್ಟು ದಿನ ಬರುತ್ತದೆ.