300 ಕಾಲುಗಳ ಊಟದ ಕೋಣೆ: ನಾಲ್ಕು ಬಗೆಯ ಮೇಜು ಕುರ್ಚಿಗಳನ್ನು ಬಳಸಿ ನೋಡಿದ ಮೇಲೆ

ನಾಲ್ವರು ಕೂರುವ ಒಂದು ಮೇಜಿಗೆ 4 ಕಾಲು. ಅದರ ಸುತ್ತಲಿನ ಕುರ್ಚಿಗಳಿಗೆ 16. ಅಂಥ 15 ಮೇಜುಗಳನ್ನು ಹಾಕಿದರೆ ನೆಲಕ್ಕೆ ತಾಗುವ ಕಾಲುಗಳು 300. ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಕನ್ನಡ ಸಂಘದ ಊಟದ ಕೋಣೆಯ ಲೆಕ್ಕ ಮೊನ್ನೆ ಮೊನ್ನೆಯವರೆಗೂ ಇದೇ ಆಗಿತ್ತು. ಒಂದೊಂದು ಕಾಲಿನ ಬುಡದಲ್ಲೂ ಸಾರಿನ ಹನಿ, ಅನ್ನದ ಅಗುಳು, ಒಗ್ಗರಣೆಯ ಕರಿಬೇವು. ಒರೆಸುವ ಕೈ ಆ ಮುನ್ನೂರನ್ನೂ ಬಳಸಿಕೊಂಡು ಹೋಗಬೇಕು.

ಕೋಣೆಯ ಉಸ್ತುವಾರಿ ನನ್ನದು. ಹಳೆಯ ಮೇಜುಗಳು ಹಾಳಾದಾಗ, ಹೊಸದನ್ನು ಒಮ್ಮೆಗೇ ಕೊಳ್ಳುವುದು ಬೇಡ, ಬಗೆಗೆ ಎರಡು ಮೂರರಂತೆ ತರಿಸಿ ಬಳಸಿ ನೋಡೋಣ ಎಂದು ಸಮಿತಿಯನ್ನು ಒಪ್ಪಿಸಿದೆ. ಎರಡು ವರ್ಷ ಹಿಡಿಯಿತು. ಎರಡು ಮಳೆಗಾಲ ಕಳೆಯಲೇಬೇಕು ಎಂದು ಹಟ ಹಿಡಿದವನು ನಾನೇ. ಮುಂಬಯಿಯಲ್ಲಿ ಕಬ್ಬಿಣದ ಬಣ್ಣ ಬಯಲಾಗುವುದು ಜುಲೈ ತಿಂಗಳಲ್ಲಿ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. 1983ರಲ್ಲಿ ಕುಂದಾಪುರದ ಕಡೆಯಿಂದ ಬಂದು ಕುರ್ಲಾದ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದಾಗ ನನಗೆ 16 ವರ್ಷ. ರಾತ್ರಿಶಾಲೆ ಮುಗಿಸಿ ಬರುವಷ್ಟರಲ್ಲಿ ಗಲ್ಲಾ ಮುಚ್ಚಿರುತ್ತಿತ್ತು. ಕುರ್ಚಿಗಳನ್ನು ತಲೆಕೆಳಗಾಗಿ ಮೇಜಿನ ಮೇಲೇರಿಸಿ, ನೀರು ಚೆಲ್ಲಿ, ಹಿಡಿಸೂಡಿಯಿಂದ ಮೋರಿಯ ಕಡೆಗೆ ತಳ್ಳಿ, ನೆಲ ಆರಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದೆವು. ಬೆಳಿಗ್ಗೆ ಐದಕ್ಕೆ ಎದ್ದು ಕುರ್ಚಿಗಳನ್ನು ಇಳಿಸಬೇಕು. ಊಟದ ಮೇಜು ಕುರ್ಚಿಗಳನ್ನು ಆರಿಸುವವರು ಸಾಮಾನ್ಯವಾಗಿ ಕೂತು ಉಣ್ಣುವವರನ್ನು ನೆನೆದು ಆರಿಸುತ್ತಾರೆ. ಕೆಳಗೆ ಬಾಗಿ ಒರೆಸುವವರನ್ನು ನೆನೆದು ಆರಿಸಿದ್ದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಆದ್ದರಿಂದ ಈ ಬಾರಿ ತೀರ್ಪು ಕೊಡುವವರು ನಮ್ಮ ಮಾವಶಿ ಎಂದು ಮೊದಲೇ ನಿಶ್ಚಯಿಸಿದೆ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅವರು ಮರಾಠಿಯವರು, ಸಂಘದ ಕಟ್ಟಡದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ 14 ವರ್ಷವಾಯಿತು.

ಮೊದಲು ಹಳೆಯದನ್ನೇ ಅಳೆದೆವು. ಮಡಚುವ ಕಾಲಿನ ಪ್ಲೈವುಡ್ ಮೇಜು, ಪ್ಲಾಸ್ಟಿಕ್ ಕುರ್ಚಿ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಬಹುದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪೇರಿಸಿದ ರಾಶಿಯ ಕೆಳಗಿನ ನೆಲವನ್ನು ಒರೆಸುವವರು ಯಾರು? ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎರಡೆರಡು ಸಲ ಎಳೆಯಬೇಕು. ಒಂದು ಕುರ್ಚಿಯನ್ನು ತಕ್ಕಡಿಗೆ ಹಾಕಿದಾಗ ಎರಡೂವರೆ ಕಿಲೋ ಬಂತು. ಎತ್ತಿದವರಿಗೆ ಅದು ಹಗುರವೇ. ಆದರೆ 60 ಕುರ್ಚಿಗಳೆಂದರೆ 150 ಕಿಲೋ, ಏರಿಸಿ ಇಳಿಸಿದರೆ 300, ಮಧ್ಯಾಹ್ನ ಮತ್ತು ರಾತ್ರಿ ಸೇರಿ 600. ಈ ಅಂಕಿಯನ್ನು ಸಮಿತಿಯ ಸಭೆಯಲ್ಲಿ ಓದಿದಾಗ ಯಾರೂ ಮಾತಾಡಲಿಲ್ಲ. ಕುರ್ಚಿಯನ್ನು ತಲೆಕೆಳಗಾಗಿ ಮೇಜಿನ ಮೇಲಿಡುವ ಹೋಟೆಲ್ ಪದ್ಧತಿಯಂತೂ ನನಗೆ ಎಂದಿಗೂ ಸರಿ ಕಂಡಿಲ್ಲ. ಜನ ಕೂತ ಹಲಗೆ ಉಣ್ಣುವ ಹಲಗೆಗೆ ತಾಗುತ್ತದೆ. ಎಂಜಲು ಮುಸುರೆಯ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿರುವ ನಾವು ಇದನ್ನು ಹೇಗೆ ಸಹಿಸಿದೆವೋ ತಿಳಿಯದು.

ಪ್ಲೈವುಡ್ ವಿಷಯದಲ್ಲಿ ನನ್ನ ಮನಸ್ಸು ಬಹಳ ಹಿಂದೆಯೇ ಮುರಿದಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ನದಿ ಉಕ್ಕಿ ನಮ್ಮ ಕುರ್ಲಾದ ಹೋಟೆಲಿಗೂ ನೀರು ನುಗ್ಗಿತು. ನೀರಿಳಿದ ಮೇಲೆ ನೋಡಿದರೆ ಪ್ಲೈವುಡ್ ಹಲಗೆಗಳು ಹಪ್ಪಳದಂತೆ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿದ್ದವು. ದಿನವೂ ಒದ್ದೆ ಬಟ್ಟೆ ತಾಗುವ ಅಂಚಿನಲ್ಲಿ ನಡೆಯುವುದೂ ಅದೇ, ನಿಧಾನವಾಗಿ.

ಹೊಸ ಬಗೆಗಳಲ್ಲಿ ಮೊದಲನೆಯದು ಕಾರ್ಖಾನೆಯ ಕ್ಯಾಂಟೀನುಗಳಲ್ಲಿ ಕಾಣುವ ಸ್ಟೀಲ್ ಮೇಜು. ಮೇಜಿನ ನಡುಗಂಬದಿಂದಲೇ ನಾಲ್ಕು ತೋಳುಗಳು ಹೊರಟು, ತುದಿಯಲ್ಲೊಂದು ದುಂಡು ಆಸನ. ಆಸನ ಒಳಕ್ಕೆ ತಿರುಗುತ್ತದೆ, ನೆಲ ತೆರೆದುಕೊಳ್ಳುತ್ತದೆ. 20 ಕಾಲುಗಳ ಜಾಗದಲ್ಲಿ ಒಂದೇ ಗಂಬ. ಹೆಚ್ಚು ಆಸೆ ಇಟ್ಟಿದ್ದು ಇದರ ಮೇಲೆ, ಹೆಚ್ಚು ಪಾಡುಪಟ್ಟಿದ್ದೂ ಇದರಿಂದಲೇ.

ತೋಳಿನ ಉದ್ದ ಒಂದೂವರೆ ಅಡಿ. ಅದರ ತುದಿಯಲ್ಲಿ 90 ಕಿಲೋ ತೂಕದವರೊಬ್ಬರು ಕೂತರೆ, ಎದುರಿನ ಆಸನ ಖಾಲಿಯಿದ್ದರೆ, ಗಂಬವನ್ನು ಕಿತ್ತುಹಾಕುವಂತೆ ಆ ಭಾರ ಎಳೆಯುತ್ತದೆ. ಹಾಗಾಗಿ ಬುಡದ ಪ್ಲೇಟನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಲೇಬೇಕು. ನಮ್ಮದು ಮೊದಲ ಮಹಡಿ. ನೆಲಕ್ಕೆ ಹಾಸಿದ ಕೋಟಾ ಕಲ್ಲನ್ನು ಕೊರೆದು ಸ್ಲ್ಯಾಬಿಗೆ ಬೋಲ್ಟ್ ಇಳಿಸಿದ ಮೇಲೆ, ನೆಲ ತೊಳೆದ ನೀರು ಆ ತೂತಿನಲ್ಲಿ ಇಳಿದು ಕೆಳಗಿನ ಅಂಗಡಿಯ ಮಾಡಿನಲ್ಲಿ ಕಲೆಯಾಗಿ ಕಾಣಿಸಿಕೊಂಡಿತು. ಅಂಗಡಿಯವರು ಸಭ್ಯರು, ಒಂದೇ ಸಲ ಹೇಳಿದರು. ಬೋಲ್ಟ್ ಬಿಚ್ಚಿ, ಎಪಾಕ್ಸಿ ತುಂಬಿ, ಮತ್ತೆ ಬಿಗಿಸಿದೆವು.

ಇನ್ನೊಂದು ತೊಡಕು ತೋಳಿನ ಎತ್ತರದ್ದು. ನೆಲದಿಂದ ಆರು ಇಂಚಿಗೆ ತೋಳಿದ್ದರೆ ಒರೆಸುವ ಕೋಲು ಅದಕ್ಕೆ ಬಡಿಯುತ್ತದೆ. ಸಾಕಿನಾಕಾದ ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಮಳಿಗೆಯಲ್ಲಿ, ವೆಲ್ಡಿಂಗ್ ಮಾಡುವ ಮಿಸ್ತ್ರಿಗೆ ಹೇಳಿ 14 ಇಂಚಿಗೆ ಏರಿಸಿದೆವು. ನೆಲವೇನೋ ಸಲೀಸಾಯಿತು. ಸೀರೆ ಉಟ್ಟವರಿಗೆ, ಪಂಚೆ ಉಟ್ಟ ಹಿರಿಯರಿಗೆ ಕೂರುವುದೇ ಕಷ್ಟವಾಯಿತು. ನವರಾತ್ರಿಯ ಊಟದ ದಿನ ಎಪ್ಪತ್ತು ದಾಟಿದ ಅಮ್ಮನೊಬ್ಬರು ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಮೇಜಿಗೆ ಊರಿ, ತೋಳನ್ನು ದಾಟಲಾರದೆ ನಿಂತದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಒಂದು ಬಿಡಿ ಕುರ್ಚಿ ತಂದು ಕೊಟ್ಟೆ. ಅವರು ಕೂತು, “ಪರವಾಗಿಲ್ಲ ಮಗಾ, ನಮ್ಮ ಕಾಲವೇ ದಾಟಿತು” ಎಂದರು. ಅಂದೇ ನನ್ನೊಳಗೆ ಆ ಮೇಜು ಸೋತಿತು. ದಪ್ಪಗಿದ್ದವರಿಗೆ ಆಸನ ಹತ್ತಿರ, ಮಕ್ಕಳಿಗೆ ದೂರ ಎಂಬ ದೂರಂತೂ ಇದ್ದೇ ಇತ್ತು. ತೋಳಿಗೆ ಮೂರು ತೂತು ಕೊರೆದು, ಪಿನ್ನು ಹಾಕಿ ಹಿಂದೆ ಮುಂದೆ ಸರಿಸುವಂತೆ ಮಾಡಿಸಿದೆವು. ಆ ತೂತುಗಳಲ್ಲೂ ತಿರುಗಣಿಯ ಸಂದಿನಲ್ಲೂ ಅನ್ನದ ಅಗುಳು ಸೇರಿಕೊಂಡು ಹುಳಿ ವಾಸನೆ ಬರಲಾರಂಭಿಸಿತು. ನೆಲ ಒರೆಸುವ ಕೆಲಸ ತಪ್ಪಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದು ಉಜ್ಜುವ ಕೆಲಸ ಅಂಟಿಕೊಂಡಿತು. ಸರಿಹೊಂದಿಸಲು ಬರುವ ಮೇಜು ಕುರ್ಚಿಗಳಲ್ಲೆಲ್ಲ ಈ ಅಪಾಯವಿದೆ. ಎಲ್ಲಿ ಸರಿಯುತ್ತದೋ ಅಲ್ಲಿ ಸಂದು, ಎಲ್ಲಿ ಸಂದೋ ಅಲ್ಲಿ ಕೊಳೆ. ಜನ ದಿನವೂ ಒಂದೇ ರೀತಿ ಬಂದು ಉಂಡು ಏಳುವ ಕಾರ್ಖಾನೆಯ ಕ್ಯಾಂಟೀನಿಗೆ ಇದು ಸರಿ. ನಮ್ಮಂಥ ಕಡೆಗಲ್ಲ.

ಎರಡನೆಯದಾದ, ಚಕ್ರದ ಮೇಲಿನ ಮಡಚುವ ಮೇಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೇಜು, ಎರಡೂ ಬದಿಯ ಬೆಂಚು ಸೇರಿ ನಡುವೆ ಮಡಚಿಕೊಂಡು ಎದ್ದು ನಿಲ್ಲುತ್ತದೆ, ತಳ್ಳಿಕೊಂಡು ಹೋಗಬಹುದು. ಶನಿವಾರದ ಯಕ್ಷಗಾನ ಅಭ್ಯಾಸಕ್ಕೆ ಕೋಣೆ ಐದು ನಿಮಿಷದಲ್ಲಿ ಖಾಲಿಯಾಯಿತು, ಹುಡುಗರು ಕುಣಿದು ಸಂತೋಷಪಟ್ಟರು. ಆದರೆ ಮಾವಶಿ ಒಬ್ಬರಿಂದಲೇ ಅದನ್ನು ಮಡಚಲು ಆಗಲಿಲ್ಲ, ಇಬ್ಬರು ಬೇಕು. ಕಪ್ಪು ರಬ್ಬರ್ ಚಕ್ರಗಳು ಒದ್ದೆ ನೆಲದ ಮೇಲೆ ಗೆರೆ ಎಳೆದವು. ಚಕ್ರದ ಅಚ್ಚಿಗೆ ಕೂದಲು, ಹೂವಿನ ನಾರು ಸುತ್ತಿಕೊಂಡು ಆರು ತಿಂಗಳಲ್ಲಿ ಅರ್ಧ ಚಕ್ರಗಳು ಉರುಳುವುದನ್ನೇ ಬಿಟ್ಟವು. ಮಡಚುವಾಗ ಬೆರಳು ಸಿಕ್ಕಿಕೊಳ್ಳುವ ಭಯ ಬೇರೆ. ಒಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ, ಬಡಿಸುವ ಮೇಜಾಗಿ.

ನಡುವೆ ಕೆಲವರು ಬೆಂಗಳೂರಿನ ದರ್ಶಿನಿಗಳಂತೆ ನಿಂತು ಉಣ್ಣುವ ಎತ್ತರದ ಮೇಜು ಹಾಕಿ ಎಂದರು. ಗುಡಿಸಲು, ಒರೆಸಲು ಅದಕ್ಕಿಂತ ಸುಲಭವಾದದ್ದಿಲ್ಲ. ಬೆಳಗಿನ ಇಡ್ಲಿ ಕಾಫಿಗೆ ಚೆನ್ನ. ಸಾರು, ಹುಳಿ, ಪಾಯಸ, ಮಜ್ಜಿಗೆಯವರೆಗಿನ ಊಟವನ್ನು ನಿಂತು ಉಣ್ಣು ಎಂದು ಹಿರಿಯರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಊರಿನ ಪಂಕ್ತಿಯೂಟದಲ್ಲಿ ಕಾಲುಗಳ ಗೊಡವೆಯೇ ಇಲ್ಲ. ಎಲೆ ಎತ್ತಿದರೆ ನೆಲವೆಲ್ಲ ಬಯಲು, ಒಬ್ಬರು ನೀರು ಚಿಮುಕಿಸಿದರೆ ಇನ್ನೊಬ್ಬರು ಗುಡಿಸುತ್ತ ಹೋಗುತ್ತಾರೆ. ಅದಕ್ಕಿಂತ ಉತ್ತಮವಾದ ಏರ್ಪಾಡು ನನಗೆ ಗೊತ್ತಿಲ್ಲ. ನಮ್ಮ ಸದಸ್ಯರ ಮೊಣಕಾಲುಗಳು ಈಗ ಅದಕ್ಕೆ ಒಪ್ಪುವುದಿಲ್ಲ, ಅಷ್ಟೆ.

ಮೂರನೆಯ ಬಗೆ ಗೋಡೆಗೆ ಕೀಲು ಹಾಕಿದ ಮೇಜು. ಮೊದಲು ಉದ್ದನೆಯ ಬದಿಯನ್ನು ಗೋಡೆಗೆ ಸೇರಿಸಿದ್ದೆವು, ಕೆಳಗೆ ಕಾಲೇ ಇಲ್ಲ. “ಗೋಡೆಗೆ ಮುಖ ಮಾಡಿ ಊಟವೇ?” ಎಂದು ಎಲ್ಲರೂ ಕೇಳಿದರು. ಸರಿಯಾದ ಮಾತು. ಸಂಘಕ್ಕೆ ಬರುವುದು ಎದುರುಬದುರು ಕೂತು ಊರಿನ ಸುದ್ದಿ ಮಾತಾಡಲಿಕ್ಕೆ. ಆಗ ಮಿಸ್ತ್ರಿಯೇ ಒಂದು ದಾರಿ ತೋರಿಸಿದ. ಮೇಜಿನ ಗಿಡ್ಡ ಬದಿಗೆ ಕೀಲು, ಇನ್ನೊಂದು ತುದಿಗೆ ಮಡಚುವ ಒಂದೇ ಕಾಲು. ನಾಲ್ಕು ಅಡಿಯ ಹಲಗೆ ಗೋಡೆಯಿಂದ ಹೊರಕ್ಕೆ ಚಾಚಿಕೊಳ್ಳುತ್ತದೆ, ಬದಿಗೆ ಇಬ್ಬಿಬ್ಬರಂತೆ ನಾಲ್ವರು ಎದುರುಬದುರು ಕೂರುತ್ತಾರೆ. ಊಟ ಮುಗಿದ ಮೇಲೆ ತುದಿ ಹಿಡಿದು ಮೇಲಕ್ಕೆತ್ತಿ ಗೋಡೆಯ ಚಿಲಕಕ್ಕೆ ಸಿಕ್ಕಿಸಿದರೆ ಕಾಲು ತಾನಾಗಿ ಹಲಗೆಗೆ ಒರಗುತ್ತದೆ. ನೆಲದ ಮೇಲೆ ಏನೂ ಉಳಿಯುವುದಿಲ್ಲ.

ಇದರಲ್ಲಿ ಎರಡು ಪಾಠ ಕಲಿತೆವು. ಒಂಬತ್ತು ಇಂಚಿನ ಇಟ್ಟಿಗೆಯ ಹೊರಗೋಡೆ ಮಾತ್ರ ಈ ಭಾರ ತಾಳುತ್ತದೆ, ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ ಹಾಕಿದ ಕೀಲು ಎರಡೇ ತಿಂಗಳಲ್ಲಿ ಸಿಮೆಂಟಿನ ಸಮೇತ ಹೊರಬಂತು. ಎರಡನೆಯದಾಗಿ, ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸಬಾರದು. ಒರೆಸದೆ ಎತ್ತಿದರೆ ಚೆಲ್ಲಿದ ಸಾಂಬಾರು ಆ ಸಂದಿಗೆ ಇಳಿದು ಗೋಡೆಯಲ್ಲಿ ಹಳದಿ ಗೆರೆಯಾಗುತ್ತದೆ. ಈಗ ಒಂದು ಇಂಚು ಅಂತರ ಬಿಟ್ಟು, ಕೀಲಿನ ಹಿಂದೆ ಗೋಡೆಗೆ ಒಂದಡಿ ಅಗಲದ ಟೈಲ್ ಪಟ್ಟಿ ಹಚ್ಚಿದ್ದೇವೆ.

ಗೋಡೆ ಇರುವಲ್ಲಿ ಇದು ಸರಿ, ಕೋಣೆಯ ನಡುಭಾಗಕ್ಕೆ? ಅಲ್ಲಿಗೆ ಬಂದದ್ದು ನಾಲ್ಕನೆಯದು. ಒಂಟಿಗಂಬದ ಭಾರವಾದ ಮೇಜು, ಅದರ ಅಂಚಿಗೆ ಕೈಗಳಿಂದ ನೇತಾಡುವ ಕುರ್ಚಿ. ನೋಡಲು ಸಾಮಾನ್ಯ ಕೈಕುರ್ಚಿಯೇ. ಕೈಯ ಕೆಳಭಾಗದಲ್ಲಿ ರಬ್ಬರ್ ಪಟ್ಟಿ ಇರುತ್ತದೆ. ಊಟವಾದ ಮೇಲೆ ಕುರ್ಚಿಯನ್ನು ತುಸು ಎತ್ತಿ ಎರಡೂ ಕೈಗಳನ್ನು ಮೇಜಿನ ಮೇಲೆ ಊರಿಸಿದರೆ ನಾಲ್ಕು ಕಾಲುಗಳೂ ಗಾಳಿಯಲ್ಲಿ. ಮೇಜಿನ ಎತ್ತರ 29 ಇಂಚು, ಕುರ್ಚಿಯ ಕೈ 25 ಇಂಚು, ಆದ್ದರಿಂದ ಕಾಲುಗಳು ನೆಲದಿಂದ ನಾಲ್ಕು ಇಂಚು ಮೇಲೆ. ಚಪ್ಪಟೆ ಮಾಪ್ ಅದರಡಿ ನೇರವಾಗಿ ಹೋಗಿ ಬರುತ್ತದೆ.

ಈ ನಾಲ್ಕು ಇಂಚೇ ನನ್ನನ್ನು ಗೆದ್ದದ್ದು. ಹೋಟೆಲಿನಲ್ಲಿ ನಾವು ಕುರ್ಚಿಯನ್ನು ಎರಡೂವರೆ ಅಡಿ ಎತ್ತುತ್ತಿದ್ದೆವು, ಮೇಲಾಗಿ ತಿರುಗಿಸುತ್ತಿದ್ದೆವು. ಇಲ್ಲಿ ನಾಲ್ಕು ಇಂಚು, ತಿರುಗಿಸುವುದೇ ಇಲ್ಲ. ಉಂಡು ಎದ್ದವರೇ ತಮ್ಮ ಕುರ್ಚಿಯನ್ನು ನೇತುಹಾಕಿ ಹೋಗಬಹುದು. ಭಾನುವಾರದ ಕನ್ನಡ ತರಗತಿಯ ಮಕ್ಕಳು ಒಂದೇ ವಾರದಲ್ಲಿ ಕಲಿತರು. ದೊಡ್ಡವರಿಗೆ ಒಂದು ತಿಂಗಳು ಬೇಕಾಯಿತು. ಮೊದಲು 40 ನಿಮಿಷ ಹಿಡಿಯುತ್ತಿದ್ದ ಕೋಣೆ ಈಗ 18 ನಿಮಿಷದಲ್ಲಿ ಮುಗಿಯುತ್ತದೆ, ಅಡುಗೆಮನೆಯ ಗಡಿಯಾರ ನೋಡಿ ನಾನೇ ಬರೆದಿಟ್ಟ ಲೆಕ್ಕ. ಅದಕ್ಕಿಂತ ನನಗೆ ಮುಖ್ಯವಾದದ್ದು ಮಾವಶಿ ಹೇಳಿದ ಮಾತು: “ಅಣ್ಣಾ, ಈಗ ನಾನು ನೆಟ್ಟಗೆ ನಿಂತು ಒರೆಸುತ್ತೇನೆ.”

ಕೊರತೆಗಳಿಲ್ಲವೆಂದಲ್ಲ. ಒಂದೇ ಬದಿಯ ಎರಡೂ ಕುರ್ಚಿಗಳನ್ನು ನೇತುಹಾಕಿದ್ದಾಗ ಮಗುವೊಂದು ಅದೇ ಅಂಚಿಗೆ ಜೋತುಬಿದ್ದು ಮೇಜು ವಾಲಿತು. ಮಾವಶಿ ಹತ್ತಿರದಲ್ಲೇ ಇದ್ದರು, ಹಿಡಿದುಕೊಂಡರು. ಮರುದಿನವೇ ಗಂಬದ ಬುಡಕ್ಕೆ ಅಗಲವಾದ, ಭಾರವಾದ ಪ್ಲೇಟು ಹಾಕಿಸಿದೆ, ಮೇಲೆ ಹಲಗೆಯ ಬದಲು ಗ್ರಾನೈಟ್ ಕೂರಿಸಿದೆ. ಈಗ ಇಬ್ಬರು ಒರಗಿದರೂ ಅಲುಗುವುದಿಲ್ಲ. ಎದುರುಬದುರು ಕುರ್ಚಿಗಳನ್ನು ಮೊದಲು ನೇತುಹಾಕಬೇಕು ಎಂಬ ಚೀಟಿಯನ್ನೂ ಗೋಡೆಗೆ ಅಂಟಿಸಿದ್ದೇನೆ. ನೆಲ ಮೋರಿಯ ಕಡೆಗೆ ಇಳಿಜಾರಾಗಿರುವುದರಿಂದ ಬುಡದಲ್ಲಿ ಮಟ್ಟ ಸರಿಹೊಂದಿಸುವ ಸ್ಕ್ರೂ ಬೇಕೇ ಬೇಕು, ಅದರ ಸುತ್ತ ಮಾತ್ರ ವಾರಕ್ಕೊಮ್ಮೆ ಕೈಯಿಂದ ಒರೆಸಬೇಕು.

ಕಬ್ಬಿಣದ ಪೈಪಿನ ಕುರ್ಚಿ ಕೊಳ್ಳುವವರಿಗೆ ಒಂದು ಮಾತು. ಕಾಲಿನ ತುದಿಯ ರಬ್ಬರ್ ಬುಶ್ ಬಿದ್ದುಹೋದರೆ ಪೈಪಿನೊಳಗೆ ನೀರು ಸೇರಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ನೆಲದ ಮೇಲೆ ಕಂದು ಉಂಗುರ ಮೂಡಿದಾಗಷ್ಟೇ ತಿಳಿಯುವುದು. ಆ ಉಂಗುರ ತೆಗೆಯಲು ಆಸಿಡ್ ಹಾಕಬೇಡಿ. ಕೋಟಾ ಕಲ್ಲು ಸುಣ್ಣದಕಲ್ಲಿನ ಜಾತಿ, ಆಸಿಡ್ ಅದನ್ನು ತಿನ್ನುತ್ತದೆ, ಸ್ಟೀಲಿಗೂ ಒಳ್ಳೆಯದಲ್ಲ. ನೇತಾಡುವ ಕುರ್ಚಿಯ ಕಾಲು ಒರೆಸುವಾಗ ನೆಲದಲ್ಲಿರುವುದಿಲ್ಲವಾದ್ದರಿಂದ ನಮ್ಮಲ್ಲಿ ಎರಡು ಮಳೆಗಾಲದ ನಂತರವೂ ಒಂದೇ ಒಂದು ಉಂಗುರ ಬಿದ್ದಿಲ್ಲ.

ಈಗ ಹೊರಗೋಡೆಯ ಉದ್ದಕ್ಕೂ ಕೀಲಿನ ಮೇಜು 6, ನಡುವೆ ಒಂಟಿಗಂಬದ್ದು 9. ಗೋಡೆಯ ಮೇಜಿಗೆ ಕುರ್ಚಿ ನೇತುಹಾಕಲಾಗುವುದಿಲ್ಲ, ಮೇಜೇ ಎದ್ದು ಹೋಗುತ್ತದಲ್ಲ. ಆ 24 ಕುರ್ಚಿಗಳು ಇನ್ನೂ ಮೂಲೆಯಲ್ಲಿ ರಾಶಿಯಾಗಿಯೇ ಇವೆ. ಗೋಡೆಗೆ ಸೊಂಟದ ಎತ್ತರದಲ್ಲಿ ಒಂದು ಸ್ಟೀಲ್ ಕಂಬಿ ಹಾಕಿ ಅದಕ್ಕೇ ಕುರ್ಚಿಯ ಕೈಗಳನ್ನು ಸಿಕ್ಕಿಸಬಹುದೇ ಎಂದು ಮಾವಶಿ ಕೇಳಿದ್ದಾರೆ. ಬರುವ ಮಂಗಳವಾರ ಮಿಸ್ತ್ರಿ ಅಳತೆಗೆ ಬರುತ್ತಾನೆ.