ಪಿಕಪ್‌ಗೆ ದೊಡ್ಡ ಟಯರ್ ಹಾಕಬೇಕಾ? ನಾಲ್ಕು ಸೆಟ್ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮಳೆಗೆ, ಕೆಂಪು ಮಣ್ಣಿಗೆ ಪಿಕಪ್‌ನ ಟಯರ್ ಬದಲಾಯಿಸುವುದಾದರೆ ಮೊದಲು ನೋಡಬೇಕಾದದ್ದು ಗ್ರಿಪ್‌ನ ನಮೂನೆ, ಅಂದರೆ ಟಯರಿನ ಮೇಲಿನ ಗೀರು-ಉಬ್ಬುಗಳ ವಿನ್ಯಾಸ. ಆಮೇಲೆ ಗಾಳಿ. ಸೈಜು ಮೂರನೇದು. ಆದರೆ ಟಯರ್ ಅಂಗಡಿಯಲ್ಲಿ ಮಾತು ಶುರುವಾಗುವುದೇ ಸೈಜಿನಿಂದ. "ಈ ಗಾಡಿಗೆ ಇದು ಸಣ್ಣ ಆಯ್ತು ಮಾರಾಯ್ರೆ, 265 ಹಾಕಿ, ಲುಕ್ಕೇ ಬೇರೆ" ಅಂತ. ಲುಕ್ ಬೇರೆ ಆಗುವುದು ಹೌದು, ಅದರಲ್ಲಿ ಸುಳ್ಳಿಲ್ಲ.

ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಹಳೆಯ 2.5 ಲೀಟರ್ ಡೀಸೆಲ್. ಜೊತೆಗೆ ಬಂದ ಟಯರ್ 245/70 ಆರ್16. ಮನೆ ಹೆಬ್ರಿ ಹತ್ತಿರ. ಟಾರು ರಸ್ತೆ ಬಿಟ್ಟ ಮೇಲೆ ತೋಟಕ್ಕೆ ಒಂದು ಚಡಾವು ಹತ್ತಬೇಕು, ಅರ್ಧ ಮಣ್ಣು, ಅರ್ಧ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಕೊನೆಗೆ ಪಾಚಿ ಹಿಡಿದ ಒಂದು ತುಂಡು ಕಾಂಕ್ರೀಟು. ಗೊಬ್ಬರ, ಅಡಿಕೆ ಚೀಲ, ಪಂಪ್‌ಸೆಟ್ಟು ಎಲ್ಲ ಇದರಲ್ಲೇ. ಉಡುಪಿ-ಮಂಗಳೂರಿಗೂ ಇದೇ ಗಾಡಿ, ಹೆಂಡತಿಯ ತವರಿಗೆ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುವುದೂ ಇದರಲ್ಲೇ.

ಹಳೆಯ ಟಯರ್ ಸವೆಯುತ್ತಾ ಬಂದಾಗ ಒಂದು ಅನುಕೂಲ ಸಿಕ್ಕಿತು. ನಮ್ಮ ಭಾವನದ್ದೂ ಇದೇ ಗಾಡಿ, ಅವರು 265/70 ಆರ್16 ಆಲ್-ಟೆರೇನ್ (ಎಟಿ, ಟಾರು-ಮಣ್ಣು ಎರಡಕ್ಕೂ ಆಗುವ ಟಯರ್) ಹಾಕಿಸಿದ್ದಾರೆ. ಕಾರ್ಕಳದ ಗೆಳೆಯನೊಬ್ಬ ಇನ್ನೂ ಮುಂದೆ ಹೋಗಿ 265/75 ಆರ್16 ಮಡ್-ಟೆರೇನ್ (ಎಂಟಿ, ಕೆಸರಿಗೆ ಅಂತಲೇ ಮಾಡಿದ ಟಯರ್) ಹಾಕಿದ್ದಾನೆ, ಅವನು ಬಿಚ್ಚಿದ ಕಂಪನಿ ಸೈಜಿನ ಆಲ್-ಟೆರೇನ್ ಸೆಟ್ ರಿಮ್ ಸಮೇತ ಅವನ ಶೆಡ್ಡಿನಲ್ಲಿ ಸುಮ್ನೆ ಬಿದ್ದಿತ್ತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ರಿಪ್ ಬಾಕಿ ಇತ್ತು. ಒಂದು ಮಳೆಗಾಲದಲ್ಲಿ ಚಕ್ರ ಅದಲು ಬದಲು ಮಾಡಿಕೊಂಡು ನಾಲ್ಕನ್ನೂ ಓಡಿಸಿದೆ. ನನ್ನ ಹೈವೇ ಟಯರ್, ಅದೇ ಸೈಜಿನ ಎಟಿ, 265/70 ಎಟಿ, 265/75 ಎಂಟಿ. ಗಾಡಿ ಒಂದೇ, ರಸ್ತೆ ಒಂದೇ.

ಲೆಕ್ಕ ಸ್ವಲ್ಪ ನೋಡಿ, ಕಷ್ಟ ಏನಿಲ್ಲ. 245 ಎಂದರೆ ಟಯರಿನ ಅಗಲ ಮಿಲಿಮೀಟರಿನಲ್ಲಿ. 70 ಎಂದರೆ ಆ ಅಗಲದ ಶೇಕಡಾ 70ರಷ್ಟು ಸೈಡ್‌ವಾಲ್‌ನ (ಟಯರಿನ ಬದಿಯ ಗೋಡೆಯ) ಎತ್ತರ. 16 ಎಂಬುದು ರಿಮ್, ಇಂಚಿನಲ್ಲಿ. ಎಲ್ಲ ಕೂಡಿಸಿದರೆ ಕಂಪನಿ ಟಯರ್ ಸುಮಾರು 749 ಮಿ.ಮೀ. ಎತ್ತರ, 265/70 ಸುಮಾರು 777, 265/75 ಸುಮಾರು 804. ಅಂದರೆ ಒಂದು ಶೇಕಡಾ 3.7 ಜಾಸ್ತಿ, ಇನ್ನೊಂದು 7.3 ಜಾಸ್ತಿ. ಆದರೆ ಗಾಡಿ ಏಳುವುದು ಇದರ ಅರ್ಧ ಮಾತ್ರ, ಯಾಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ. 265/70 ಹಾಕಿದರೆ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್‌ನ ನಡುವೆ ಕೆಳಗೆ ಜೋತಿರುವ ಗೇರಿನ ಗುಂಡು) ನೆಲದಿಂದ 14 ಮಿ.ಮೀ. ಮೇಲೆ ಹೋಗುತ್ತದೆ, ಒಂದು ಬೆರಳಿನ ದಪ್ಪ ಅಷ್ಟೇ. ಅಷ್ಟಕ್ಕೆ ತಟ್ಟುತ್ತಿದ್ದ ಕಲ್ಲು ತಟ್ಟದೇ ಹೋಗುವುದೂ ಉಂಟು, ಆದರೆ ನಾಲ್ಕು ಟಯರಿನ ದುಡ್ಡು ಕೊಟ್ಟು ಒಂದು ಬೆರಳು ಎತ್ತರ ಅಂದರೆ ಯೋಚಿಸಬೇಕು ಅಲ್ವಾ?

ಈಗ ತೋಟದ ಚಡಾವು. ಆಟಿ ತಿಂಗಳ ಮಳೆ, ಮಣ್ಣು ಬೆಣ್ಣೆಯ ಹಾಗೆ. ನನ್ನ ಹೈವೇ ಟಯರ್ ಹಾಕಿಕೊಂಡು ಟೂ ವೀಲ್‌ನಲ್ಲಿ, ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಕೊಟ್ಟು, ಹೊರಟರೆ ಮೊದಲ ತಿರುವಿನಲ್ಲೇ ಹಿಂಭಾಗ ಎಡಕ್ಕೆ ಜಾರಿ ಚರಂಡಿ ಕಡೆ ಹೋಗುತ್ತದೆ. ಖಾಲಿ ಪಿಕಪ್‌ನ ಹಿಂದೆ ಭಾರ ಇರುವುದಿಲ್ಲ, ಎಲ್ಲ ಪಿಕಪ್‌ಗೂ ಇದೇ ಕಷ್ಟ. ಟಯರಿನ ಸಣ್ಣ ಸಣ್ಣ ಗೀರುಗಳಲ್ಲಿ ಮಣ್ಣು ತುಂಬಿ ಒಂದು ಸುತ್ತಿಗೇ ಕೆಂಪು ಬೋಳು ಚಕ್ರ ತಯಾರು. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಎಳೆತ, ತಗ್ಗಿನ ಗೇರು) ಹಾಕಿದರೆ ಹತ್ತುತ್ತದೆ, ಆದರೆ ತಿಣುಕುತ್ತಾ. ಅದೇ ಸೈಜಿನ ಎಟಿ ಹಾಕಿದ ದಿನ ಅದೇ ತಿರುವಿನಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಎಳೆತ, ಮಾಮೂಲಿ ಗೇರು) ಸಾಕಾಯಿತು. ಬಟನ್‌ಗಳ (ಗ್ರಿಪ್‌ನ ಉಬ್ಬಿದ ರಬ್ಬರ್ ತುಂಡುಗಳ) ನಡುವೆ ಸಂದು ಅಗಲ ಇದ್ದರೆ ಚಕ್ರ ತಿರುಗುವಾಗ ಮಣ್ಣನ್ನು ಹೊರಗೆ ಎಸೆಯುತ್ತದೆ, ಮುಂದಿನ ಸುತ್ತಿಗೆ ಬಟನ್ ಮತ್ತೆ ಖಾಲಿ. ಮಡ್‌ಗಾರ್ಡಿನ ಒಳಗೆ ಮಣ್ಣಿನ ಉಂಡೆ ಪಟಪಟ ಬಡಿಯುವುದು ಕೇಳಿಸಿದರೆ ಟಯರ್ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಹೈವೇ ಟಯರಿನಲ್ಲಿ ಆ ಸದ್ದು ಬರುವುದೇ ಇಲ್ಲ.

ಆಮೇಲೆ ಭಾವನ 265/70. ಅದೂ ಹತ್ತಿತು, ಚೆನ್ನಾಗಿಯೇ ಹತ್ತಿತು. ಆದರೆ ಸಣ್ಣ ಎಟಿಗಿಂತ ಎಷ್ಟು ಜಾಸ್ತಿ ಅಂತ ಕೇಳಿದರೆ, ಮಣ್ಣಿನಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಗೊತ್ತಾಗಲಿಲ್ಲ. ಮುರಕಲ್ಲಿನ ಮೆಟ್ಟಿಲಿನಂಥ ಜಾಗದಲ್ಲಿ ಗೊತ್ತಾಯಿತು. ಅಲ್ಲಿ ಕಂಪನಿ ಸೈಜು ಒಮ್ಮೆ ತಡವರಿಸಿ ಏರುತ್ತದೆ, 265 ಸಲೀಸಾಗಿ ಉರುಳಿಕೊಂಡು ಹೋಗುತ್ತದೆ. ದೊಡ್ಡ ಟಯರ್ ಹಾಕಿದವರು "ಈಗ ಗಾಡಿ ಎಲ್ಲಿ ಬೇಕಾದರೂ ಹತ್ತುತ್ತದೆ" ಅನ್ನುವುದರಲ್ಲಿ ಮುಕ್ಕಾಲು ಪಾಲು ಎಟಿ ಗ್ರಿಪ್‌ನ ಮಹಿಮೆ ಅಂತ ನನ್ನ ಲೆಕ್ಕ. ಅವರು ಹೈವೇ ಟಯರಿನಿಂದ ನೇರ ದೊಡ್ಡ ಎಟಿಗೆ ಹಾರಿರುತ್ತಾರೆ, ನಡುವಿನದ್ದನ್ನು ನೋಡಿಯೇ ಇರುವುದಿಲ್ಲ. ಹಾಗಾಗಿ ಪುಣ್ಯ ಎಲ್ಲ ಸೈಜಿನ ಖಾತೆಗೆ ಹೋಗುತ್ತದೆ.

ಇನ್ನೊಂದು, ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಗಾಳಿ ಇಳಿಸಿ ನೋಡಿ. 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಎಟಿಯನ್ನು 22ಕ್ಕೆ ಇಳಿಸಿದಾಗ ಟಯರ್ ನೆಲದ ಮೇಲೆ ಉದ್ದಕ್ಕೆ ಹರಡಿ ಕೂರುತ್ತದೆ, ಹೂಳುವ ಮಣ್ಣಿನಲ್ಲಿ ಇದರಿಂದ ಸಿಗುವ ಲಾಭ ಒಂದು ಸೈಜು ದೊಡ್ಡದು ಹಾಕಿದ್ದಕ್ಕಿಂತ ಜಾಸ್ತಿ ಅನ್ನಿಸಿತು, ಖರ್ಚು ಸೊನ್ನೆ. ಟಾರು ರಸ್ತೆಗೆ ಬರುವ ಮೊದಲು ಮತ್ತೆ ಗಾಳಿ ತುಂಬಬೇಕು, ಅದಕ್ಕೆ 12 ವೋಲ್ಟಿನ ಒಂದು ಸಣ್ಣ ಕಂಪ್ರೆಸರ್ ಸೀಟಿನಡಿ ಇಟ್ಟುಕೊಂಡರೆ ಆಯಿತು. ಇಳಿಸಿದ ಗಾಳಿಯಲ್ಲಿ ಹೈವೇಗೆ ಮಾತ್ರ ಹೋಗಬೇಡಿ.

ಎಂಟಿ ಬಗ್ಗೆ ಕೇಳಿದರೆ, ಮಣ್ಣಿನಲ್ಲಿ ಅದೇ ರಾಜ. ಟೂ ವೀಲ್‌ನಲ್ಲೇ ಮುಕ್ಕಾಲು ಚಡಾವು ಹತ್ತಿತು, ನನಗೇ ನಗು ಬಂತು. ಆದರೆ ಕೊನೆಯ ಪಾಚಿ ಕಾಂಕ್ರೀಟಿನಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಜಾರಿದ್ದೂ ಅದೇ. ದಪ್ಪ ಬಟನ್, ನಡುವೆ ದೊಡ್ಡ ಸಂದು, ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ಗಟ್ಟಿ ನೆಲ ಒದ್ದೆಯಾದರೆ ಹಿಡಿತವೇ ಇಲ್ಲ. ಹಾಗೆ ನೋಡಿದರೆ ಪಾಚಿಯ ಮೇಲೆ ನಾಲ್ಕೂ ದಂಡ, ಕಾಂಕ್ರೀಟಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದೇ ಸರಿಯಾದ ಉಪಾಯ.

66ರ ಹೆದ್ದಾರಿ ವಿಷಯಕ್ಕೆ ಬರೋಣ. ಪಡುಬಿದ್ರಿಯಿಂದ ಕಟಪಾಡಿವರೆಗೆ ಜೋರು ಮಳೆಯಲ್ಲಿ ಹೋದವರಿಗೆ ಗೊತ್ತು, ರಸ್ತೆಯ ಬದಿಯಲ್ಲಿ ನೀರು ಹಾಸಿಕೊಂಡಿರುತ್ತದೆ, ಒಂದು ಬದಿಯ ಚಕ್ರ ಅದರ ಮೇಲೆ ಹೋದಾಗ ಸ್ಟಿಯರಿಂಗ್ ಒಮ್ಮೆ ಹಗುರ ಆಗುತ್ತದೆ. ಟಯರ್ ನೀರಿನ ಮೇಲೆ ತೇಲುವುದು ಅಂದರೆ ಅದೇ. ಅಗಲ ಟಯರ್ ಇದ್ದರೆ ಹಿಡಿತ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ, ಒದ್ದೆ ರಸ್ತೆಯಲ್ಲಿ ಅದು ಉಲ್ಟಾ. ಅಗಲ ಜಾಸ್ತಿ ಆದಷ್ಟು ಬದಿಗೆ ತಳ್ಳಬೇಕಾದ ನೀರೂ ಜಾಸ್ತಿ. ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ ತೇಲುತ್ತದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಟಯರ್‌ಗಳ ಮೇಲೆ ಮಾಡಿದ ಪರೀಕ್ಷೆಗಳಿಂದ ಒಂದು ಸೂತ್ರ ಕೊಟ್ಟಿದ್ದರು, ಅದರ ಪ್ರಕಾರ 36 ಪಿಎಸ್‌ಐಗೆ ಸುಮಾರು 100 ಕಿ.ಮೀ. ವೇಗದಲ್ಲಿ ತೇಲಿದರೆ 25ಕ್ಕೆ ಸುಮಾರು 83ರಲ್ಲೇ ತೇಲುತ್ತದೆ. ನಮ್ಮ ಗಾಡಿಗೆ ಅದು ಹಾಗೇ ಹೊಂದುವುದಿಲ್ಲ, ಆದರೆ ಗಾಳಿಯ ಮಹತ್ವ ಗೊತ್ತಾಗುತ್ತದೆ. ಈ ರಸ್ತೆಯಲ್ಲಿ ಕಂಪನಿ ಸೈಜಿನ ಎಟಿಯೇ ನನಗೆ ಧೈರ್ಯ ಕೊಟ್ಟಿದ್ದು. ನನ್ನ ಹೈವೇ ಟಯರ್ ಸವೆದಿತ್ತು, ಅದನ್ನು ಇಲ್ಲಿ ಹೋಲಿಸುವುದು ನ್ಯಾಯ ಅಲ್ಲ. ಹೊಸ ಹೈವೇ ಟಯರ್ ಆದರೆ ಟಾರಿನಲ್ಲಿ ಅದೇ ಮೇಲು. ಕಾನೂನಿನ ಪ್ರಕಾರ 1.6 ಮಿ.ಮೀ. ಗ್ರಿಪ್ ಇದ್ದರೆ ಸಾಕು, ಆದರೆ ಕರಾವಳಿಯ ಮಳೆಗೆ 3 ಮಿ.ಮೀ. ಆದಾಗಲೇ ಬದಲಾಯಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಎಂಟಿಯ ಸದ್ದಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 60 ದಾಟಿದ ಮೇಲೆ ಹೆಂಡತಿ ಹೇಳಿದ್ದು ಕೇಳಿಸಲಿಲ್ಲ, ಅದು ಲಾಭವೋ ನಷ್ಟವೋ ನೀವೇ ತೀರ್ಮಾನಿಸಿ.

ಆಗುಂಬೆಯಲ್ಲಿ ಬೇರೆ ಕಥೆ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಟಯರ್ ಎತ್ತರ ಆದರೆ ಗೇರ್ ಉದ್ದ ಆದ ಹಾಗೆ, ಚಕ್ರಕ್ಕೆ ಸಿಗುವ ಎಳೆತ ಕಡಿಮೆ. 265/70ರಲ್ಲಿ ಶೇಕಡಾ 3.6ರಷ್ಟು ಹೋಗುತ್ತದೆ, 265/75ರಲ್ಲಿ ಶೇಕಡಾ 7ರ ಹತ್ತಿರ. ಜೊತೆಗೆ ಎಲ್‌ಟಿ (ಲೈಟ್ ಟ್ರಕ್) ಅಂತ ಬರೆದಿರುವ ದಪ್ಪ ಟಯರ್ ಆದರೆ ಒಂದೊಂದೂ ಐದಾರು ಕೆ.ಜಿ. ಭಾರ ಜಾಸ್ತಿ. ಪರಿಣಾಮ ಏನೆಂದರೆ, ಯಾವಾಗಲೂ ಎರಡನೇ ಗೇರಿನಲ್ಲಿ ಸುತ್ತಿಸುತ್ತಿದ್ದ ತಿರುವುಗಳಲ್ಲಿ 265/75 ಹಾಕಿದಾಗ ಇಂಜಿನ್ ಗುಡುಗುಡು ಅಂತ ಕುಸಿದು ಒಂದನೇ ಗೇರಿಗೆ ಇಳಿಸಬೇಕಾಯಿತು, ಹಿಂದೆ ಬಸ್ಸಿನವನ ಹಾರನ್ ಬೇರೆ. 265/70ರಲ್ಲಿ ಎರಡನೇ ಗೇರು ನಡೆಯಿತು, ಟರ್ಬೋ ಎದ್ದೇಳುವವರೆಗೆ ಸ್ವಲ್ಪ ಮಂಕು, ಅಷ್ಟೇ. ಇಳಿಯುವಾಗ ಬ್ರೇಕ್ ಇನ್ನೊಂದಿಷ್ಟು ಒತ್ತಬೇಕು, ಇಂಜಿನ್ ಬ್ರೇಕಿಂಗ್ ಕೂಡಾ ಅಷ್ಟೇ ಕಡಿಮೆ. ಖಾಲಿ ಗಾಡಿಗೆ ಇದು ದೊಡ್ಡ ವಿಷಯ ಅಲ್ಲ. ಹಿಂದೆ ಲೋಡ್ ಇದ್ದರೆ ದೊಡ್ಡ ವಿಷಯವೇ.

ಮೈಲೇಜ್ ಲೆಕ್ಕದಲ್ಲಿ ಜನ ಒಂದು ಕಡೆ ಎಡವುತ್ತಾರೆ. ದೊಡ್ಡ ಟಯರ್ ಹಾಕಿದರೆ ಮೀಟರ್ ಕಡಿಮೆ ಕಿ.ಮೀ. ತೋರಿಸುತ್ತದೆ, ಅದನ್ನು ಸರಿ ಮಾಡದೆ ಲೆಕ್ಕ ಹಾಕಿದರೆ ನಷ್ಟ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನನ್ನ ಹೈವೇ ಟಯರಿನಲ್ಲಿ ಲೀಟರಿಗೆ ಹನ್ನೆರಡೂವರೆ, ಅದೇ ಸೈಜಿನ ಎಟಿಗೆ ಹನ್ನೆರಡು. 265/70ಕ್ಕೆ ಮೀಟರ್ ಪ್ರಕಾರ 11.2, ತಿದ್ದಿದರೆ 11.6. ಎಂಟಿಗೆ ಮೀಟರ್ ಪ್ರಕಾರ 10, ತಿದ್ದಿದರೆ 10.7. ವೇಗವನ್ನೂ ಮೊಬೈಲಿನ ಜಿಪಿಎಸ್ ಇಟ್ಟು ನೋಡಿದೆ. ಮೀಟರ್ 80 ತೋರಿಸುವಾಗ ಕಂಪನಿ ಸೈಜಿನಲ್ಲಿ ನಿಜವಾದ ವೇಗ 76, 265/70ರಲ್ಲಿ 79, 265/75ರಲ್ಲಿ 82ರ ಹತ್ತಿರ. ಸ್ಪೀಡೋಮೀಟರನ್ನು ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಕೂರಿಸಿರುತ್ತಾರೆ, ಆ ಅಂತರವನ್ನು 265/70 ತಿಂದು ಮುಗಿಸುತ್ತದೆ, 265/75 ದಾಟಿಬಿಡುತ್ತದೆ. ನೀವು 80 ಅಂದುಕೊಂಡಿರುತ್ತೀರಿ, ಕ್ಯಾಮೆರಾ ಬೇರೆ ಹೇಳುತ್ತದೆ.

ಕೂರುವ ವಿಷಯ: 265/70 ಕಂಪನಿ ರಿಮ್ಮಿಗೇ ಕೂರುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೂ ಎಲ್ಲೂ ತಾಗಲಿಲ್ಲ. 265/75 ಮುಂದಿನ ಮಡ್‌ಫ್ಲ್ಯಾಪಿಗೆ ಉಜ್ಜುತ್ತದೆ, ಗೆಳೆಯ ಅದನ್ನು ಕತ್ತರಿಸಿ ಬಿಟ್ಟಿದ್ದಾನೆ, ನಾನು ಕತ್ತರಿಸದೆ ಓಡಿಸಿದ್ದಕ್ಕೆ ಮನೆಗೆ ತಿರುಗುವ ಪ್ರತಿ ಸಲ ಕರ್ ಅಂತ ಸದ್ದು. ಸ್ಟೆಪ್ನಿ ಮರೆಯಬೇಡಿ. ನಾಲ್ಕು ದೊಡ್ಡದು, ಸ್ಟೆಪ್ನಿ ಹಳೆಯ ಸೈಜು ಅಂತ ಇಟ್ಟುಕೊಂಡು ಪಂಕ್ಚರ್ ಆದರೆ, ಆ ಸ್ಥಿತಿಯಲ್ಲಿ ಫೋರ್ ವೀಲ್ ಹಾಕುವಂತಿಲ್ಲ. ಈ ಗಾಡಿಯಲ್ಲಿ ಮುಂದೆ-ಹಿಂದೆ ನಡುವೆ ಡಿಫರೆನ್ಷಿಯಲ್ ಇಲ್ಲ, ಒಂದು ಚಕ್ರ ಸಣ್ಣದಾದರೆ ಆ ಎಳೆದಾಟ ಎಲ್ಲ ಟ್ರಾನ್ಸ್‌ಫರ್ ಕೇಸಿನ (ಮುಂದಿನ-ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಗೇರುಪೆಟ್ಟಿಗೆಯ) ಮೇಲೆ. ಬೇಕಾದಾಗಲೇ ಫೋರ್ ವೀಲ್ ಇಲ್ಲ ಅಂದರೆ ಏನು ಪ್ರಯೋಜನ?

ಕಾನೂನಿನ ಮಾತೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡಾ ಅದನ್ನೇ ಎತ್ತಿಹಿಡಿದಿದೆ. ದಾರಿಯಲ್ಲಿ ಟಯರ್ ಸೈಜು ಓದಿ ನೋಡುವವರು ಕಡಿಮೆ. ಆದರೆ ದೊಡ್ಡ ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಂದಾಗ ಓದುತ್ತಾರೆ. ಹಾಕುವ ಮೊದಲು ಇನ್ಶೂರೆನ್ಸ್‌ನವರಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ. ಹಾಗೆಯೇ ಟಯರಿನ ಮೇಲಿರುವ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಸಂಖ್ಯೆ) ಮೂಲ ಟಯರಿಗಿಂತ ಕಡಿಮೆ ಇರಬಾರದು. 111 ಅಂದರೆ ಒಂದು ಟಯರಿಗೆ 1,090 ಕೆ.ಜಿ., 112 ಅಂದರೆ 1,120.

ಕೊನೆಗೆ ನಾನು ತಗೊಂಡದ್ದು ಕಂಪನಿ ಸೈಜಿನ ಎಟಿ. 265/70ಕ್ಕೂ ಇದಕ್ಕೂ ನಾಲ್ಕು ಟಯರಿಗೆ ಅಂಗಡಿಯವರು ಹೇಳಿದ ವ್ಯತ್ಯಾಸದಲ್ಲಿ ಆ ಕಂಪ್ರೆಸರ್, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಲ್ಲ ಮುಗಿದು ಮತ್ತೂ ದುಡ್ಡು ಉಳಿಯಿತು. ಭಾವನ ತೋಟದ ದಾರಿ ಪೂರ್ತಿ ಮುರಕಲ್ಲು, ಕೆಳಗೆ ತಟ್ಟುವ ಜಾಗಗಳು ನನ್ನದಕ್ಕಿಂತ ಜಾಸ್ತಿ, ಅವರು ಘಾಟಿ ಹತ್ತುವುದು ಅಪರೂಪ. ಅವರಿಗೆ 265/70 ಸರಿ, ನಾನಾದರೂ ಅಲ್ಲಿ ಅದನ್ನೇ ಹಾಕುತ್ತಿದ್ದೆ. ಗೆಳೆಯನ ಎಂಟಿ ಬಗ್ಗೆ ಅವನ ಹತ್ತಿರ ಏನೂ ಹೇಳಲಿಲ್ಲ, ಅವನಿಗೆ ಅದು ಬೇಕು, ಹಾಕಿದ್ದಾನೆ.

ಅಂಗಡಿಯಲ್ಲಿ ಒಂದು ಕೆಲಸ ಮಾತ್ರ ತಪ್ಪದೇ ಮಾಡಿ. ಸೈಡ್‌ವಾಲ್‌ನಲ್ಲಿ ಡಿಒಟಿ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕೆ ಓದಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ನನಗೆ ಮೊದಲು ತಂದಿಟ್ಟ ಐದರಲ್ಲಿ ಎರಡು ಉಳಿದವಕ್ಕಿಂತ ತುಂಬಾ ಹಳೆಯವು ಇದ್ದವು, ವಾಪಸ್ ಕಳಿಸಿ ಬೇರೆ ತರಿಸಿದೆ. ಐದು ಯಾಕೆಂದರೆ ಸ್ಟೆಪ್ನಿಯೂ ಅದೇ ಸೈಜು, ಅದೇ ನಮೂನೆ ತಗೊಂಡೆ, ರೊಟೇಷನ್‌ಗೆ (ಆಗಾಗ ಚಕ್ರಗಳ ಜಾಗ ಬದಲಿಸುವುದಕ್ಕೆ) ಅದನ್ನೂ ಸೇರಿಸಿದ್ದೇನೆ.