ಕದ್ದ ಸಿನಿಮಾ ಸೈಟಿನ ಬದಲು ಬರುವ ಎಚ್ಚರಿಕೆ ಪುಟ: ಐದಕ್ಕೆ ಎರಡು ಸ್ಟಾರ್

ತಿಪಟೂರಿನಲ್ಲಿ ನನ್ನದೊಂದು ಸೈಬರ್ ಸೆಂಟರ್ ಇದೆ. ಪಹಣಿ ಪ್ರಿಂಟ್, ಪರೀಕ್ಷೆ ಅರ್ಜಿ, ಜೆರಾಕ್ಸ್, ಇವೇ ಕೆಲಸ. ಆದರೆ ದೊಡ್ಡ ಕನ್ನಡ ಸಿನಿಮಾ ಬಂದ ವಾರ ಯಾರಾದರೂ ಹುಡುಗರು ಕದ್ದ ಪ್ರಿಂಟಿನ ಸೈಟ್ ತೆರೆಯಲು ನೋಡೇ ನೋಡುತ್ತಾರೆ. ಆಗ ಪರದೆ ಮೇಲೆ ಬರುವ ಎಚ್ಚರಿಕೆಯ ಬಗ್ಗೆ ಬರೆಯುತ್ತಿದ್ದೇನೆ.

ಎರಡು ಸ್ಟಾರ್ ಕೊಟ್ಟಿದ್ದು ಅದು ಆ ಸೈಟನ್ನು ತಡೆಯುತ್ತದೆ ಎಂಬ ಕಾರಣಕ್ಕೆ. ಜೂಜಿನ ಜಾಹೀರಾತು, ವೈರಸ್ ತುಂಬಿದ ಸೈಟುಗಳವು. ಅಷ್ಟು ಹೊತ್ತು ತಪ್ಪಿದರೂ ಒಳ್ಳೆಯದೇ.

ಉಳಿದ ಮೂರು ಯಾಕೆ ಇಲ್ಲ? ನಮಗೆ ಇಂಟರ್ನೆಟ್ ಕೊಡುವ ಕಂಪನಿ ತೋರಿಸುವುದು ಬಿಳಿ ಪುಟದಲ್ಲಿ ಇಂಗ್ಲಿಷಿನ ಎರಡು ಸಾಲು. ಸರ್ಕಾರದ ಆದೇಶದ ಪ್ರಕಾರ ತಡೆದಿದ್ದೇವೆ, ಅಷ್ಟೇ. ಕನ್ನಡದ ಒಂದಕ್ಷರ ಇಲ್ಲ. ಪಿಯುಸಿ ಹುಡುಗ ಅದನ್ನು ನೋಡಿ "ಅಣ್ಣ, ನೆಟ್ ಹೋಯ್ತಾ?" ಅಂತ ಕೇಳುತ್ತಾನೆ. ಅದು ಎಚ್ಚರಿಕೆ ಅಂತಲೇ ತಿಳಿಯದವನು ಯಾಕೆ ನಿಲ್ಲುತ್ತಾನೆ? ಇನ್ನೊಂದು ಸೈಟ್ ಹುಡುಕುತ್ತಾನೆ.

ಜೋರಾಗಿ ಹೆದರಿಸುವುದನ್ನೂ ಮಾಡಿ ನೋಡಿದ್ದಾರೆ. 2016ರ ಆಗಸ್ಟ್‌ನಲ್ಲಿ ಇಂಥ ಪುಟಗಳ ಮೇಲೆ ಉದ್ದನೆಯ ಸೂಚನೆ ಬಂತು. ಕಾಪಿರೈಟ್ ಕಾಯ್ದೆಯ ನಾಲ್ಕು ಸೆಕ್ಷನ್‌ಗಳ ಹೆಸರು, 3 ವರ್ಷ ಜೈಲು, 3 ಲಕ್ಷ ದಂಡ. ಸುಮ್ನೆ ನೋಡಿದರೂ ಅಪರಾಧ ಅಂತ ಅದರಲ್ಲಿತ್ತು. ಹಾಗಲ್ಲ, ನೋಡುವುದು ಅಪರಾಧವಲ್ಲ, ಅನುಮತಿ ಇಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಅಂತ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಹೇಳಬೇಕಾಯಿತು. ಎಚ್ಚರಿಕೆಯೇ ಸುಳ್ಳು ಹೇಳಿದರೆ ಮುಂದೆ ಅದು ನಿಜ ಹೇಳಿದಾಗ ಯಾರು ನಂಬುತ್ತಾರೆ? ಆ ಸೂಚನೆಯಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು. ತಕರಾರು ಇದ್ದವರು ಬರೆಯಲು ಇಮೇಲ್ ವಿಳಾಸ ಕೊಟ್ಟಿದ್ದರು, 48 ಗಂಟೆಯೊಳಗೆ ವಿವರ ಕೊಡುತ್ತೇವೆ ಅಂದಿದ್ದರು. ನಮ್ಮ ಎರಡು ಸಾಲಿನ ಪುಟದಲ್ಲಿ ಅದೂ ಇಲ್ಲ.

ಎಚ್ಚರಿಕೆಯಿಂದ ಏನೂ ಆಗಲ್ಲ ಅನ್ನುವವರಿಗೆ ಬ್ರಿಟನ್ನಿನ ಕೆಲಸ ತೋರಿಸುತ್ತೇನೆ. ಅದು ಸಿನಿಮಾ ಕಳ್ಳತನಕ್ಕಿಂತ ಎಷ್ಟೋ ಘೋರವಾದ ವಿಷಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ ಹುಡುಕಿದವರಿಗೆ ಅಶ್ಲೀಲ ವಿಡಿಯೊಗಳ ಸೈಟ್ ಆದ ಪೋರ್ನ್‌ಹಬ್‌ನಲ್ಲಿ 2022ರಿಂದ ಎಚ್ಚರಿಕೆಯ ಜೊತೆ ಒಂದು ಚಾಟ್‌ಬಾಟ್ ಮಾತಾಡಲು ಶುರುಮಾಡಿತು. ಇಂಟರ್ನೆಟ್ ವಾಚ್ ಫೌಂಡೇಶನ್ ಮತ್ತು ಲೂಸಿ ಫೇತ್‌ಫುಲ್ ಫೌಂಡೇಶನ್ ಎಂಬ ಮಕ್ಕಳ ರಕ್ಷಣೆಯ ಎರಡು ಸಂಸ್ಥೆಗಳು ಸೇರಿ ಮಾಡಿದ್ದು. ಇದು ಕಾನೂನಿಗೆ ವಿರುದ್ಧ ಅಂತ ನೇರವಾಗಿ ಹೇಳಿ, ಹೆಸರು ಹೇಳದೆ ಸಹಾಯ ಪಡೆಯುವ ದಾರಿ ತೋರಿಸುತ್ತಿತ್ತು. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು ಪರಿಶೀಲಿಸಿದಾಗ ಅಂಥ ಹುಡುಕಾಟ ಕಡಿಮೆಯಾಗಿದ್ದು ಕಂಡಿತು. ಕೈಹಿಡಿದು ಬೇರೆ ಕಡೆ ತಿರುಗಿಸುವ ಎಚ್ಚರಿಕೆ ಅದು. ನಮ್ಮದು ಬರೀ ಬಾಗಿಲು ಹಾಕುತ್ತದೆ.

ಹಾಗಾಗಿ ನಾನೇ ಒಂದು ಚೀಟಿ ಬರೆದು ಪ್ರತಿ ಕಂಪ್ಯೂಟರಿನ ಪಕ್ಕ ಅಂಟಿಸಿದ್ದೇನೆ. ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದರೆ ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಪ್ರಕಾರ ಕನಿಷ್ಠ 3 ತಿಂಗಳು ಜೈಲು, ಕನಿಷ್ಠ 3 ಲಕ್ಷ ದಂಡ ಅಂತ ಅದರಲ್ಲಿದೆ. ಕೆಳಗೆ ಆ ವಾರ ಊರಿನ ಥಿಯೇಟರಿನಲ್ಲಿ ಯಾವ ಸಿನಿಮಾ, ಎಷ್ಟು ಗಂಟೆಗೆ, ಟಿಕೆಟ್ ಎಷ್ಟು ಅನ್ನುವುದನ್ನೂ ಬರೆಯುತ್ತೇನೆ. ಹುಡುಗರು ಓದುತ್ತಾರೆ, ಶೋ ಟೈಮ್ ತಪ್ಪಾಗಿದ್ದರೆ ಬಂದು ಹೇಳುತ್ತಾರೆ. ಕಂಪನಿಯವರು ಇಷ್ಟನ್ನು ಕನ್ನಡದಲ್ಲಿ ತಮ್ಮ ಪುಟಕ್ಕೆ ಹಾಕಿದರೆ ಇನ್ನೆರಡು ಸ್ಟಾರ್ ಖಂಡಿತ ಕೊಡುತ್ತೇನೆ.